ನಾಳೆಯಮ್ಮನ ಸರದಿ

"ನಾಳೆ ತನ್ನಿ ಅಂತಿದ್ದಾರೆ," ಎಂದು ಮಾವ ಫೋನನ್ನು ಕಿವಿಯಿಂದ ತೆಗೆಯದೆಯೇ ಹೇಳಿದ.

ಕೋಣೆಯ ಗೋಡೆಗೊರಗಿ ನಿಂತಿದ್ದ ವೆಲ್ಡರ್ ಮೂಗಿನಲ್ಲೇ ನಕ್ಕ. ನಗು ಮುಚ್ಚಲು ಕೆಮ್ಮಿದ. ಕೆಮ್ಮು ನಗುವಿಗಿಂತ ಜೋರಾಯಿತು. ಪಕ್ಕದಲ್ಲಿದ್ದ ತರಕಾರಿಯವಳು ಬಾಯಿಗೆ ಕೈ ಅಡ್ಡ ಹಿಡಿದು ಕಿಟಕಿಯ ಕಡೆ ತಿರುಗಿದಳು. ಸತ್ತವರ ಮನೆಯಲ್ಲಿ ನಗಬಾರದು, ನಿಜ. ಆದರೆ ನೆಲದ ಮೇಲೆ ಬಿಳಿ ಬಟ್ಟೆ ಹೊದ್ದು ಮಲಗಿದ್ದವಳು ನೆರವಿನ ಕಚೇರಿಯ ಕಿಟಕಿಯಲ್ಲಿ ಕೂತು ಕೆಲಸ ಕಳೆದುಕೊಂಡ ಊರಿಗೆಲ್ಲ ಹೇಳುತ್ತಿದ್ದದ್ದು ಅದೊಂದೇ ಮಾತು. ನಾಳೆ ಬನ್ನಿ. ಅದಕ್ಕೇ ಅವಳಿಗೆ ನಾಳೆಯಮ್ಮ ಎಂದು ಹೆಸರು ಬಿದ್ದಿತ್ತು, ಹೆತ್ತವರು ಇಟ್ಟ ಹೆಸರು ಸಂಬಳದ ದಿನಕ್ಕೆ ಮಾತ್ರ ಉಳಿದಿತ್ತು. ಈಗ ಸ್ಮಶಾನ ನೋಡಿಕೊಳ್ಳುವ ನಗರಸಭೆಯವರು ಅದೇ ಮಾತನ್ನು ಅವಳಿಗೇ ತಿರುಗಿಸಿ ಹೇಳುತ್ತಿದ್ದರು.

ನಗದಿದ್ದವಳು ಮಗಳೊಬ್ಬಳೇ. ಬಸ್ ಕಂಡಕ್ಟರ್ ಆಕೆ. ಹತ್ತು ಅಥವಾ ಇಳಿ ಎನ್ನುವುದನ್ನು ಬಿಟ್ಟು ಮೂರನೆಯದನ್ನು ಕಲಿತವಳಲ್ಲ.

"ಏನು ನಾಳೆ? ಯಾಕೆ ನಾಳೆ?"

"ಗುಂಡಿ ತೋಡೋರು ಇಲ್ವಂತೆ ಕಣೇ. ಖರ್ಚು ಕಡಿಮೆ ಮಾಡೋಕೆ ಅಂತ ತೆಗೆದುಹಾಕಿದ್ದಾರಂತೆ. ಉಳಿದೋರು ಒಂದು ದಿನ ಈ ಸ್ಮಶಾನ, ಒಂದು ದಿನ ಆ ಸ್ಮಶಾನ. ಇವತ್ತು ಆ ಸ್ಮಶಾನದ ಸರದಿ."

"ಹಾಗಾದ್ರೆ ಅಲ್ಲಿಗೇ ತಗೊಂಡು ಹೋಗೋಣ."

"ಅದು ನಮ್ಮ ವಾರ್ಡಿಗೆ ಬರಲ್ವಂತೆ."

"ಸತ್ತೋರಿಗೂ ವಾರ್ಡಾ?"

ಮಾವ ಅದನ್ನು ಫೋನಿನಲ್ಲಿ ಕೇಳಲು ಹೋದ. ಆ ಕಡೆಯವರು ಆಗಲೇ ಫೋನ್ ಇಟ್ಟಿದ್ದರು. ಅವನು ನಾಳೆಯಮ್ಮನ ತಮ್ಮ. ದರ್ಜಿ. ಮದುವೆಗೆ ಹೊಲಿಯಲು ಕೊಟ್ಟ ಬಟ್ಟೆಯನ್ನು ನಾಮಕರಣಕ್ಕೆ ಕೊಡುವವನು ಎಂದು ಅಕ್ಕನೇ ಹಂಗಿಸುತ್ತಿದ್ದಳು, ತಾನೇನು ಕಡಿಮೆ ಎಂಬಂತೆ.

"ಒಂದು ದಿನ ತಾನೆ," ಎಂದ ಮಾವ. "ನೋಡೋಣ. ಐಸ್ ತರಿಸಿದ್ರಾಯ್ತು."

"ಇವತ್ತೇ," ಎಂದಳು ಮಗಳು. "ನನಗೆ ಡಿಪೋದಲ್ಲಿ ಕೊಟ್ಟಿರೋದು ಒಂದೇ ದಿನದ ರಜ. ನಾಳೆ ಹೋಗದಿದ್ರೆ ನನ್ನ ಜಾಗಕ್ಕೆ ಬರೋಕೆ ಗೇಟಿನ ಹೊರಗೆ ಜನ ನಿಂತಿದ್ದಾರೆ. ಅದೂ ಹಾಳಾಗಿ ಹೋಗ್ಲಿ ಮಾವ. ಅಮ್ಮನ್ನ ನಾಳೆಗೆ ಇಡೋಕೆ ನಾನು ಬಿಡಲ್ಲ. ಸಾಕಾಗಿದೆ ನನಗೆ ಆ ನಾಳೆ. ಇವತ್ತೇ ಆಗಬೇಕು."

ಹೊರಗೆ ಮೆಟ್ಟಿಲ ಮೇಲೆ ಮತ್ತಷ್ಟು ಚಪ್ಪಲಿಗಳ ಸದ್ದಾಯಿತು. ಬೆಳಗ್ಗೆ ಮಾವನೇ ಹೇಳಿದ್ದ, ಇವಳಿಗೆ ಯಾರು ಬರುತ್ತಾರೆ, ಹೊರಲು ನಾಲ್ಕು ಜನ ಸಿಕ್ಕರೆ ಪುಣ್ಯ ಎಂದು. ಆದರೆ ಬೆಳಗಿನಿಂದ ಜನ ಬರುತ್ತಲೇ ಇದ್ದರು. ಯಾರೂ ನೆಂಟರಲ್ಲ. ಎಲ್ಲ ಆ ಕಿಟಕಿಯ ಮುಂದೆ ನಿಂತು ಸವೆದವರು. ಒಬ್ಬ ಮುದುಕ ಮುಖದ ಬಟ್ಟೆ ಸರಿಸಿ ಬಹಳ ಹೊತ್ತು ನೋಡಿ, "ನಿಜವಾಗ್ಲೂ ಹೋಗಿದ್ದಾರೆ," ಎಂದು ತನಗೆ ತಾನೇ ಹೇಳಿಕೊಂಡು ಮೂಲೆಯಲ್ಲಿ ಕೂತ. ಖಾತ್ರಿ ಮಾಡಿಕೊಳ್ಳಲು ಬಂದನೋ ಅಳಲು ಬಂದನೋ ತಿಳಿಯಲಿಲ್ಲ, ಎರಡನ್ನೂ ಮಾಡಿದ.

"ನನ್ನ ಹೆಂಡತಿ ಮುಖಕ್ಕಿಂತ ಹೆಚ್ಚು ಸಲ ಈಯಮ್ಮನ ಮುಖ ನೋಡಿದ್ದೀನಿ," ಎಂದ ವೆಲ್ಡರ್. "ಬರದೆ ಇರೋಕಾಗುತ್ತಾ? ದೆವ್ವಕ್ಕೆ ಹೇಳೋ ಮಾತು ಹೇಳಿ ಓಡಿಸ್ತೀರಲ್ಲಮ್ಮ, ನಾವೇನು ದೆವ್ವಗಳಾ ಅಂತ ಒಂದು ದಿನ ಕೇಳಿದ್ದೆ. ಅಲ್ಲಪ್ಪ, ದೆವ್ವ ಆದ್ರೆ ಹೇಳಿದ ಮಾತು ಕೇಳುತ್ತೆ, ನೀನು ನಾಳೆ ಬಾ ಅಂದ್ರೂ ಬರದೆ ತಪ್ಪಿಸಿಕೊಳ್ತೀಯ, ಅಂದ್ರು."

ತರಕಾರಿಯವಳು ಕಣ್ಣೊರೆಸಿಕೊಂಡಳು. "ಇಲ್ಲೇ ಕೂತು ಮಾತಾಡಿದ್ರೆ ಗುಂಡಿ ತಾನಾಗಿ ಬೀಳುತ್ತಾ? ನನ್ನ ಗಾಡಿ ಇದೆ. ಕೋಸು ಇಳಿಸಿಬಂದಿದ್ದೀನಿ. ಎತ್ತಿ, ಹೋಗಿ ಬಾಗಿಲಲ್ಲೇ ನಿಂತು ಕೇಳೋಣ. ಫೋನಲ್ಲಿ ಇಲ್ಲ ಅನ್ನೋದು ಸುಲಭ."

* * *

ಬಹಳ ಹಿಂದೆ, ನಾಳೆಯಮ್ಮನಿಗೆ ಆ ಹೆಸರು ಬಿದ್ದ ವರ್ಷ, ಊರಿನ ಕಾರ್ಖಾನೆಗಳು ಒಂದರ ಹಿಂದೆ ಒಂದು ಬಾಗಿಲು ಹಾಕಿದ್ದವು. ಕೆಲಸ ಹೋದವರು ತೆರಿಗೆ ಕಟ್ಟುವುದಿಲ್ಲ. ತೆರಿಗೆ ಬಾರದ ಸರ್ಕಾರದ ಬಳಿ ಕೆಲಸ ಹೋದವರಿಗೆ ಕೊಡಲು ದುಡ್ಡಿರುವುದಿಲ್ಲ. ಬರಗಾಲದಲ್ಲಿ ಅಧಿಕ ಮಾಸ ಎನ್ನುವುದು ಇದಕ್ಕೇ. ಜನರ ಕೈ ಹಿಡಿಯಬೇಕಾದ ಹೊತ್ತಿಗೇ ಸರ್ಕಾರ ತನ್ನ ಕೈ ಕಟ್ಟಿದೆ ಎಂದಿತು. ಹಣಕಾಸಿನ ಮಂತ್ರಿ ಬಜೆಟ್ ಓದುತ್ತ, ಎಲ್ಲರೂ ಹೊಟ್ಟೆ ಬಟ್ಟೆ ಕಟ್ಟಬೇಕು ಎಂದರು. ಹೊಟ್ಟೆಗೂ ಬಟ್ಟೆಗೂ ಇಲ್ಲದವರು ಏನನ್ನು ಕಟ್ಟಬೇಕೆಂದು ಅದರಲ್ಲಿ ಬರೆದಿರಲಿಲ್ಲ.

ಒಂದು ಸಂಜೆ ನಾಳೆಯಮ್ಮ ಮನೆಗೆ ಬಂದಾಗ ಬೆನ್ನ ಮೇಲೆ ಶಾಯಿ ಇತ್ತು. ಯಾರೋ ಸಾಲಿನಿಂದ ಎರಚಿದ್ದರು. ಮಗಳಿಗೆ ಆಗ ಹದಿಹರೆಯ. ಅವಳ ಗೆಳತಿಯ ಅಪ್ಪ ಅದೇ ಸಾಲಿನಲ್ಲಿ ನಿಲ್ಲುತ್ತಿದ್ದ. ಗೆಳತಿ ಮಾತು ಬಿಟ್ಟಿದ್ದಳು.

"ಇಲ್ಲ ಅಂತ ಹೇಳಿಬಿಡಮ್ಮ!" ಎಂದು ಮಗಳು ಕೂಗಾಡಿದ್ದಳು. "ದುಡ್ಡಿಲ್ಲ, ಬರಬೇಡಿ ಅಂತ ಹೇಳು. ಬೇರೆ ದಾರಿ ನೋಡ್ಕೋತಾರೆ."

"ಯಾವ ದಾರಿ? ತೋರಿಸು, ನಾನೇ ಕಳಿಸ್ತೀನಿ."

ನಾಳೆಯಮ್ಮ ಒಗೆಯುವ ಕಲ್ಲಿನ ಹತ್ತಿರ ಕೂತು ಶಾಯಿ ಉಜ್ಜುತ್ತ, ಯಾರಿಗೂ ಹೇಳಕೂಡದೆಂದು ಆಣೆ ಹಾಕಿಸಿಕೊಂಡು, ವಿಷಯ ಹೇಳಿದ್ದಳು. ಹಣ ಮುಗಿದ ಮೇಲೆ ಬಂದ ಅರ್ಜಿಯನ್ನು ತಿರಸ್ಕರಿಸಿ ಎಂದು ಮೇಲಿನಿಂದ ಆದೇಶ. ಒಮ್ಮೆ ತಿರಸ್ಕಾರದ ಮುದ್ರೆ ಬಿತ್ತೆಂದರೆ ಒಂದು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ. ಆದರೆ ಅರ್ಜಿ ಹಾಕಿದವನು ಖುದ್ದಾಗಿ ಬಂದು ವಿಚಾರಿಸುತ್ತಲೇ ಇದ್ದರೆ, ಅದು ಇನ್ನೂ ಪರಿಶೀಲನೆಯಲ್ಲಿದೆ ಎಂದು ಲೆಕ್ಕ. ಬರುವುದು ನಿಲ್ಲಿಸಿದರೆ ತಾನಾಗಿ ಸಾಯುತ್ತದೆ. ಮುಂದಿನ ಬಜೆಟ್ಟಿನಲ್ಲಿ ಹಣ ಬಂದ ದಿನ ಜೀವಂತವಿರುವ ಅರ್ಜಿಗೆ ಮೊದಲ ದಿನದಿಂದ ಸೇರಿಸಿ ಕೊಡಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅದಕ್ಕೇ ಅವಳು ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ.

"ಹಾಗಂತ ಅವರಿಗೇ ಹೇಳಬಹುದಲ್ಲ!"

"ಸಾಲಿಗೆ ಹೇಳೋದೂ ಒಂದೇ, ಡಂಗುರ ಸಾರೋದೂ ಒಂದೇ. ಮಾರನೇ ದಿನಾನೇ ಮೇಲಿನವರು ಆ ಸಂದೀನೂ ಮುಚ್ತಾರೆ."

"ಮತ್ತೆ ಶಾಯಿ?"

"ನೆನೆಹಾಕಿ ಇಡು. ನಾಳೆ ನೋಡೋಣ."

ಇದೇ ಮಗಳ ಮೈ ಉರಿಸುತ್ತಿದ್ದದ್ದು. ಕಚೇರಿಯ ಮಾತು ಕಚೇರಿಯಲ್ಲಿ ಉಳಿಯದೆ ಮನೆಯ ನಲ್ಲಿಗೂ ಬಾಗಿಲ ಚಿಲಕಕ್ಕೂ ಅಂಟಿಕೊಂಡಿತ್ತು. ಕೊನೆಗೆ ಎದೆನೋವಿಗೂ ಅವಳು ಅದನ್ನೇ ಹೇಳಿದಳು. ನಾಳೆ ತೋರಿಸೋಣ ಎಂದಳು. ನೋವು ಆ ಸಾಲಿನವರಷ್ಟು ತಾಳ್ಮೆಯದ್ದಾಗಿರಲಿಲ್ಲ.

* * *

ಸ್ಮಶಾನದ ಗೇಟಿನಲ್ಲಿ ಕಾವಲುಗಾರ ಕುರ್ಚಿ ಹಾಕಿಕೊಂಡು ಕೂತಿದ್ದ. ಗಾಡಿ ನಿಂತದ್ದನ್ನೂ ಅದರ ಹಿಂದೆ ನಡೆದು ಬಂದ ಜನರನ್ನೂ ನೋಡಿ ಎದ್ದ. ಉದ್ದನೆಯ, ಬಗ್ಗದ ಮನುಷ್ಯ.

"ಗುಂಡಿ ಇಲ್ಲ," ಎಂದ.

ಮಾವ ಮುಂದೆ ಬಂದು ಕೈ ಹೊಸೆದ. "ನಾಳೆ ತನ್ನಿ ಅಂತ ಫೋನಲ್ಲಿ ಹೇಳಿದ್ರು ಸ್ವಾಮಿ. ಆದ್ರೆ ನಮ್ಮ ಹುಡುಗಿ ಹಟ. ಏನಾದ್ರೂ ಒಂದು..."

"ನಾಳೆ ಅಂತ ಹೇಳಿದ್ದು ಯಾರು?"

"ನಗರಸಭೆಯವರು."

"ಅವರಿಗೆ ಬಾಯಿಗೆ ಬಂದದ್ದು ಹೇಳೋಕೆ ಸಂಬಳ. ನಾಳೇನೂ ಇಲ್ಲ, ನಾಡಿದ್ದೂ ಇಲ್ಲ. ಉಳಿದ ಇಬ್ಬರು ತೋಡೋರನ್ನೂ ಮೊನ್ನೆ ಮನೆಗೆ ಕಳಿಸಿದ್ರು. ಮುಂದಿನ ಬಜೆಟ್ ತನಕ ಯಾರೂ ಬರಲ್ಲ. ಇಲ್ಲ ಅಂದ್ರೆ ಇಲ್ಲ. ನಾನು ಯಾರನ್ನೂ ಆಸೆ ಹುಟ್ಟಿಸಿ ಕಾಯಿಸೋನಲ್ಲ."

ಮಾವ ತಲೆಯ ಮೇಲೆ ಕೈ ಹೊತ್ತುಕೊಂಡ. ಹಿಂದೆ ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು. ಮಗಳಿಗೆ ಮಾತ್ರ ಎಷ್ಟೋ ವರ್ಷಗಳಿಂದ ಕಟ್ಟಿದ್ದ ಮೂಗು ಬಿಟ್ಟಂತಾಯಿತು. ಇಷ್ಟು ನೇರವಾದ ಇಲ್ಲ ಎನ್ನುವುದನ್ನು ಅವಳು ತನ್ನ ಮನೆಯಲ್ಲಿ ಒಂದು ದಿನವೂ ಕೇಳಿರಲಿಲ್ಲ. ಇಲ್ಲ ಎಂದಮೇಲೆ ಮುಂದೇನು ಎಂದು ಯೋಚಿಸಬಹುದು.

"ಜಾಗ ಇದೆಯಾ?" ಎಂದು ಕೇಳಿದಳು.

"ಜಾಗಕ್ಕೇನು ಬರ."

"ಗುದ್ದಲಿ, ಸಲಿಕೆ?"

"ಇವೆ. ಹಿಡಿಯೋರಿಲ್ಲ ಅಷ್ಟೆ."

"ನಾವೇ ತೋಡಿದ್ರೆ?"

ಕಾವಲುಗಾರ ಈ ಪ್ರಶ್ನೆಗೆ ತಯಾರಿರಲಿಲ್ಲ. ಗೋಡೆಯ ಮೇಲಿದ್ದ ನಿಯಮಗಳ ಬೋರ್ಡನ್ನು ಒಮ್ಮೆ ನೋಡಿದ. ಹೂ ಕೀಳಬಾರದು, ನಾಯಿ ತರಬಾರದು ಎಂದೆಲ್ಲ ಇತ್ತು.

"ತೋಡಬಾರದು ಅಂತ ಎಲ್ಲೂ ಇಲ್ಲ," ಎಂದ. "ಆದ್ರೆ ಕತ್ತಲಾದ ಮೇಲೆ ನಾನು ಗೇಟ್ ಹಾಕೋನೇ. ಅಷ್ಟರೊಳಗೆ ಮುಗೀಬೇಕು. ಮುಗೀದಿದ್ರೆ ವಾಪಸ್. ಹೆಸರೇನು?"

ಮಗಳು ಅಮ್ಮನ ನಿಜವಾದ ಹೆಸರು ಹೇಳಿದಳು. ಅವನಿಗೆ ಏನೂ ಗೊತ್ತಾಗಲಿಲ್ಲ. ಆಗ ಮನೆಯ ಮೂಲೆಯಲ್ಲಿ ಅತ್ತಿದ್ದ ಆ ಮುದುಕ, ಸಹಾಯವಾಗಲಿ ಎಂದು, "ನಾಳೆಯಮ್ಮ ಕಣಪ್ಪ, ನೆರವಿನ ಕಚೇರಿ ನಾಳೆಯಮ್ಮ," ಎಂದುಬಿಟ್ಟ.

ಕಾವಲುಗಾರನ ಮುಖ ಗೇಟಿನ ಕಬ್ಬಿಣದಂತಾಯಿತು. ಅವನು ಗಾಡಿಯ ಹತ್ತಿರ ಹೋಗಿ ನಿಂತ. ಬಟ್ಟೆ ಮುಟ್ಟಲಿಲ್ಲ.

"ನಾನು ಲೇತ್ ಮಷೀನ್ ಮೇಲೆ ಕೆಲಸ ಮಾಡ್ತಿದ್ದೆ," ಎಂದ, ಯಾರಿಗೂ ಅಲ್ಲವೆಂಬಂತೆ. "ಕಾರ್ಖಾನೆ ಮುಚ್ತು. ಹೆಂಡತಿಗೆ ಕಾಯಿಲೆ. ಚಿಕಿತ್ಸೆಗೆ ನೆರವು ಕೊಡ್ತಾರೆ ಅಂದ್ರು. ಚಳಿಗಾಲ ಪೂರ್ತಿ ಈಕೆಯ ಕಿಟಕಿ ಮುಂದೆ ನಿಂತೆ. ನನ್ನ ಭಾವಮೈದ ದೊಡ್ಡಾಸ್ಪತ್ರೆ ಇರೋ ಊರಲ್ಲಿದ್ದ, ಕರ್ಕೊಂಡು ಬಾ ಅಂತಿದ್ದ. ನಾಳೆ ಬರುತ್ತೆ ದುಡ್ಡು, ನಾಳೆ ಬಂದ ಮೇಲೆ ಹೋಗೋಣ ಅಂತ ನಾನು. ಒಂದು ಸಲ, ಒಂದೇ ಒಂದು ಸಲ ಇಲ್ಲ ಹೋಗಯ್ಯ ಅಂದಿದ್ರೆ ಸಾಕಿತ್ತು. ಅವತ್ತೇ ರಾತ್ರಿ ಬಸ್ ಹತ್ತಿಸ್ತಿದ್ದೆ."

"ಅಯ್ಯೋ, ಅದು ಹಾಗಲ್ಲಪ್ಪ," ಎಂದ ವೆಲ್ಡರ್. "ಪಕ್ಕದ ಕಿಟಕಿಯವನು ಮುದ್ರೆ ಹೊಡೆದು ಕಳಿಸಿದೋರಿಗೆ ವರ್ಷಗಟ್ಟಲೆ ಕೈಗೆ ಬಿಡಿಗಾಸು ಬರಲಿಲ್ಲ. ಈಯಮ್ಮನ ಹತ್ರ ನಿಂತೋರಿಗೆ ತಡ ಆದ್ರೂ ಬಂತು. ನನ್ನ ಮನೆ ಉಳಿದದ್ದೇ ಅದರಿಂದ."

"ನಿನ್ನ ಮನೆ ಉಳೀತು. ಸಂತೋಷ."

ಎಲ್ಲರೂ ಮಗಳ ಕಡೆ ನೋಡಿದರು. ಸಾವಿನ ದಿನ ಸತ್ತವರ ಪರವಾಗಿ ಮಾತಾಡುವುದು ಮಗಳ ಕೆಲಸ. ಅವಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಹೇಳುವುದು ಕಷ್ಟ: ಆ ಮನುಷ್ಯನ ಮೇಲಲ್ಲ, ಬಟ್ಟೆಯ ಕೆಳಗೆ ಸುಮ್ಮನೆ ಮಲಗಿ ಎಲ್ಲವನ್ನೂ ಮಗಳ ತಲೆಗೆ ಕಟ್ಟಿ ಹೋದವಳ ಮೇಲೆ, ಮತ್ತು ಅವರಿಬ್ಬರನ್ನೂ ಒಂದು ಕಿಟಕಿಯ ಎರಡು ಕಡೆ ನಿಲ್ಲಿಸಿ ತಾವು ತಣ್ಣಗೆ ಕೂತ, ಮುಖವೇ ಇಲ್ಲದವರ ಮೇಲೆ.

* * *

ಆ ಚಳಿಗಾಲದ ಕೊನೆಯಲ್ಲಿ ನಾಳೆಯಮ್ಮ ಊಟಕ್ಕೆ ಕೂತಾಗಲೆಲ್ಲ, "ಲೇತಿನವನು ಇವತ್ತೂ ಬರಲಿಲ್ಲ," ಎನ್ನುತ್ತಿದ್ದಳು. ಸಾಲಿನಲ್ಲಿ ಎಲ್ಲರಿಗಿಂತ ಒಂದು ತಲೆ ಎತ್ತರದವನು, ಕಾಣದಿದ್ದರೆ ತಿಳಿಯುತ್ತದೆ ಎನ್ನುತ್ತಿದ್ದಳು. ಒಂದು ಭಾನುವಾರ ಮಗಳನ್ನೂ ಕರೆದುಕೊಂಡು ಅವನ ಮನೆ ಹುಡುಕಿಕೊಂಡು ಹೋದಳು. ಉದ್ದನೆಯ ಕಟ್ಟಡ, ಸಾಲಾಗಿ ಬಾಗಿಲುಗಳು, ತಂತಿಯ ಮೇಲೆ ಒಣಗುವ ಬಟ್ಟೆ. ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದ ಹೆಂಗಸೊಬ್ಬಳು, "ಹೆಂಡತಿ ಹೋಗಿಬಿಟ್ಲಲ್ಲ ಪಾಪ, ಒಳಗೇ ಇದ್ದಾನೆ, ಹೋಗಿ ಮಾತಾಡಿಸಿ," ಎಂದಳು.

ನಾಳೆಯಮ್ಮ ಬಾಗಿಲವರೆಗೆ ಹೋದಳು. ಒಳಗಿನಿಂದ ಸ್ಟೌ ಪಂಪು ಹೊಡೆಯುವ ಸದ್ದು ಕೇಳುತ್ತಿತ್ತು. ತಟ್ಟಲು ಕೈ ಎತ್ತಿದಳು, ಇಳಿಸಿದಳು, ಬಂದ ದಾರಿಯಲ್ಲೇ ನಡೆದಳು. ಮಗಳು ಹಿಂದೆ ಓಡಬೇಕಾಯಿತು. ಅಂದು ನಾಳೆಯಮ್ಮ ಊಟ ಮಾಡಲಿಲ್ಲ. ಸೋಮವಾರ ಕಿಟಕಿಯಲ್ಲಿ ಕೂತು ಮತ್ತೆ ಎಲ್ಲರಿಗೂ ನಾಳೆ ಬನ್ನಿ ಎಂದಳು. ಇನ್ನೇನು ಹೇಳುತ್ತಾಳೆ.

* * *

"ಬಂದಿದ್ಲು ನಿಮ್ಮ ಮನೆಗೆ," ಎಂದಳು ಮಗಳು. "ನಾನೂ ಇದ್ದೆ. ಬಾಗಿಲ ತನಕ ಬಂದ್ಲು."

ಕಾವಲುಗಾರ ಮೊದಲ ಸಲ ಅವಳ ಮುಖ ನೋಡಿದ.

"ಒಳಗೆ ಬರಲಿಲ್ಲ."

"ಇಲ್ಲ."

"ಅದನ್ನೂ ನಾಳೆಗೇ ಇಟ್ಕೊಂಡ್ರು."

"ಹೌದು," ಎಂದಳು ಮಗಳು. "ತಪ್ಪು ಅವಳದ್ದೇ. ಜಗಳ ಆಡೋದಿದ್ರೆ ನಿಲ್ತೀನಿ, ಆಡಿ. ಆದ್ರೆ ಮೊದಲು ಸಲಿಕೆ ಕೊಡಿ, ಬೆಳಕು ಹೋಗುತ್ತೆ."

ಅವನು ಬೀಗದ ಕೈ ಎತ್ತಿಕೊಂಡು ಹೋಗಿ ಎರಡು ಗುದ್ದಲಿ, ಎರಡು ಸಲಿಕೆ ತಂದು ಅವಳ ಕಾಲ ಬಳಿ ಹಾಕಿದ. ಹಿಂಭಾಗದ ಗೋಡೆಯ ಹತ್ತಿರ ಒಂದು ಜಾಗ ತೋರಿಸಿ, ತನ್ನ ಕುರ್ಚಿಗೆ ಹೋಗಿ ಅವರಿಗೆ ಬೆನ್ನು ಹಾಕಿ ಕೂತ.

ಮೊದಲು ಎಲ್ಲರೂ ಒಟ್ಟಿಗೆ ಮುಗಿಬಿದ್ದರು. ಮಾವ ಮೊದಲ ಏಟಿಗೇ ಗುದ್ದಲಿಯನ್ನು ಕಲ್ಲಿಗೆ ಹೊಡೆದು ಕೈ ಝುಮ್ಮೆನಿಸಿಕೊಂಡ. ಸೂಜಿಯಷ್ಟೇ ಭಾರ ಎತ್ತಿದ ಕೈ ಅದು. ವೆಲ್ಡರ್ ಎಸೆದ ಮಣ್ಣು ತರಕಾರಿಯವಳ ತಲೆಯ ಮೇಲೆ ಬಿತ್ತು. ಅವಳು ಬೈದಳು. ಮುದುಕ ಗುಂಡಿಗೆ ಇಳಿದವನು ಹತ್ತಲಾರದೆ ಹೋದಾಗ ಇಬ್ಬರು ಎಳೆದರು. ಹತ್ತು ಜನ ಕೂಡಿ ಒಬ್ಬನ ಕೆಲಸ ಕೆಡಿಸುತ್ತಿದ್ದರು. ಬಿಸಿಲು ಗೋಡೆಯ ಮೇಲಿಂದ ಇಳಿಯುತ್ತಿತ್ತು, ಗುಂಡಿ ಮೊಣಕಾಲಿನಷ್ಟೂ ಆಗಿರಲಿಲ್ಲ.

ಮಗಳಿಗೆ ಸಹಿಸಲಾಗಲಿಲ್ಲ. ತುಂಬಿದ ಬಸ್ಸಿನ ಹಿಂಬಾಗಿಲಿನಿಂದ ಮುಂಬಾಗಿಲಿಗೆ ಕೇಳಿಸುವ ಗಂಟಲಿನಲ್ಲಿ ಕೂಗಿದಳು. "ಏಯ್, ಎಲ್ಲ ಹತ್ತಿ ಮೇಲೆ! ಇಬ್ಬರು ಅಗೀರಿ, ಇಬ್ಬರು ಮಣ್ಣೆತ್ತಿ. ಕೈ ಸೋತ ತಕ್ಷಣ ಬಿಟ್ಟು ಹಿಂದೆ ಹೋಗಿ. ಉಳಿದೋರು ಸಾಲಾಗಿ ನಿಂತ್ಕೊಳ್ಳಿ!"

ಎರಡನೆಯ ಸಲ ಹೇಳಬೇಕಾಗಲಿಲ್ಲ. ಅವರಿಗೆ ಜಗತ್ತಿನಲ್ಲಿ ಚೆನ್ನಾಗಿ ಬರುವ ಕೆಲಸವೆಂದರೆ ಅದೊಂದೇ. ಯಾರ ಹಿಂದೆ ಯಾರು ಎಂದು ಕೇಳದೆ ಗುಂಡಿಯ ಬಾಯಿಯಿಂದ ಗೇಟಿನ ಕಡೆಗೆ ನೆಟ್ಟಗೆ ಒಂದು ಸಾಲು ಎದ್ದಿತು. ಮುಂದಿನವರ ಬೆನ್ನಿಗೆ ಮೈ ತಾಗದಂತೆ ಒಂದು ಮೊಳ ಬಿಟ್ಟು, ತೂಕವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಯಿಸುತ್ತ ನಿಂತರು. ಮುಂದೆ ಇದ್ದವರು ಇಳಿದು ಅಗೆದು, ಏದುಸಿರು ಬಿಡುತ್ತ ಮೇಲೆ ಬಂದು, ಸಾಲಿನ ಕೊನೆಗೆ ಹೋಗಿ ನಿಂತರು. ಮಾವನೂ ನಿಂತ. ಅವನ ಅಕ್ಕನ ಸಾಲಿನಲ್ಲಿ ಅವನು ನಿಂತದ್ದು ಅದೇ ಮೊದಲು. ಗುಂಡಿ ಸೊಂಟಕ್ಕೆ ಬಂತು.

ಬದಿಯಲ್ಲಿ ಗಾಡಿ ನಿಂತಿತ್ತು. ಮಗಳು ಒಂದು ಕೈಯನ್ನು ಅದರ ಅಂಚಿನ ಮೇಲಿಟ್ಟು ಅಗೆಯುವವರನ್ನು ನೋಡುತ್ತಿದ್ದಳು. ಅಳು ಬರುತ್ತಿತ್ತು. ಈಗ ಬೇಡ ಎಂದುಕೊಂಡಳು, ಆಮೇಲೆ ತನ್ನ ಮೇಲೆ ತನಗೇ ರೇಗಿ ಅಲ್ಲೇ, ಆಗಲೇ, ಅತ್ತುಬಿಟ್ಟಳು.

ಕುರ್ಚಿಯಲ್ಲಿ ಬೆನ್ನು ಹಾಕಿ ಕೂತಿದ್ದವನು ಎರಡು ಮೂರು ಸಲ ತಿರುಗಿ ನೋಡಿದ್ದ. ಕೊನೆಗೆ ತಡೆಯಲಾರದೆ ಎದ್ದು ಬಂದ.

"ಯಾವನ್ರೀ ಕಲಿಸಿದ್ದು ನಿಮಗೆ ಹೀಗೆ ತೋಡೋಕೆ? ಆ ಮೂಲೆ ನೋಡಿ, ಸೊಟ್ಟ. ಬದಿ ಕುಸಿದು ಒಳಗಿರೋನ ಮೇಲೆ ಬೀಳುತ್ತೆ, ಆಮೇಲೆ ಇಬ್ಬರನ್ನ ಹೂಳಬೇಕು. ಸರೀರಿ ಆಚೆ. ಕೊಡಿ ಇಲ್ಲಿ ಗುದ್ದಲಿ!"

ಬೆನ್ನ ಹಿಂದೆ ಯಾರೋ ಸಾಲಿನ ನಡುವೆ ನುಗ್ಗಿದ್ದಷ್ಟೇ ಮಗಳಿಗೆ ತಿಳಿದದ್ದು. ಕಣ್ಣೊರೆಸಿಕೊಳ್ಳುತ್ತಿದ್ದವಳು ತಿರುಗದೆಯೇ, ದಿನಕ್ಕೆ ನೂರು ಸಲ ಹೇಳುವ ರೂಢಿಯಲ್ಲಿ, "ರೀ, ಸಾಲಲ್ಲಿ ಬನ್ನಿ!" ಎಂದು ಗದರಿದಳು.

ಆಮೇಲೆ ತಿರುಗಿ ನೋಡಿದಳು. ನಾಲಿಗೆ ಕಚ್ಚಿಕೊಂಡಳು. ಗುಂಡಿಯೊಳಗಿದ್ದ ವೆಲ್ಡರ್ ಎತ್ತಿದ ಗುದ್ದಲಿಯನ್ನು ಎತ್ತಿದಲ್ಲೇ ಹಿಡಿದ.

ಕಾವಲುಗಾರ ಅವಳನ್ನು ನೋಡಿದ, ಗಾಡಿಯನ್ನು ನೋಡಿದ. ಸಾಲಿನ ಪಕ್ಕದಲ್ಲೇ ಒಬ್ಬೊಬ್ಬರನ್ನೂ ದಾಟಿ ಹಿಂದಕ್ಕೆ ನಡೆದು, ಕೊನೆಯಲ್ಲಿದ್ದ ತರಕಾರಿಯವಳ ಹಿಂದೆ, ಒಂದು ಮೊಳ ಬಿಟ್ಟು ನಿಂತ. ಎಲ್ಲರಿಗಿಂತ ಒಂದು ತಲೆ ಎತ್ತರ.

"ಮೂಲೆ ನೇರ ಮಾಡ್ರೀ!" ಎಂದು ಅಲ್ಲಿಂದಲೇ ಕೂಗಿದ.

ಗುಂಡಿಯಿಂದ ಇಬ್ಬರು ಮೇಲೆ ಹತ್ತಿದರು. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಅವನೂ ಸರಿದ.